ಅಡ್ಡಗೋಡೆ ಮೇಲಿನ ದೀಪ

ಹೋದ ವರ್ಷ ಮಾಘ ಮಾಸದಲ್ಲಿ ಒಂದೇ ವಾರದೊಳಗೆ ನಮ್ಮ ಮನೆಗೆ ಎರಡು ಲಗ್ನಪತ್ರಿಕೆ ಬಂದವು. ಒಂದು ದೊಡ್ಡಪ್ಪನ ಮೊಮ್ಮಗಳದು, ಬಸವನಗುಡಿಯಲ್ಲಿ. ಇನ್ನೊಂದು ಚಿಕ್ಕಪ್ಪನ ಕೊನೇ ಮಗನದು, ಮಲ್ಲೇಶ್ವರದಲ್ಲಿ. ಎರಡೂ ಒಂದೇ ದಿನ. ಮುಹೂರ್ತಗಳ ನಡುವೆ ಇದ್ದದ್ದು ನಲವತ್ತು ನಿಮಿಷ.

ಅಪ್ಪ ಎರಡನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು, ಅರಿಶಿನ ಹಚ್ಚಿದ ಮೂಲೆಗಳನ್ನು ಬೆರಳಿನಿಂದ ಸವರುತ್ತಾ ಬಹಳ ಹೊತ್ತು ಕೂತಿದ್ದರು. ಆಮೇಲೆ, ‘ಧಾರೆಗೆ ಒಂದು ಕಡೆ, ಊಟಕ್ಕೆ ಇನ್ನೊಂದು ಕಡೆ. ಬಸವನಗುಡಿಗೂ ಮಲ್ಲೇಶ್ವರಕ್ಕೂ ಮೆಟ್ರೋದಲ್ಲಿ ಎಷ್ಟು ಹೊತ್ತಾಗುತ್ತೆ?’ ಅಂದರು.

ಅಡುಗೆಮನೆಯಿಂದ ಅಮ್ಮ, ‘ಹೊರಡ್ತು ನೋಡು ಐರ್ಲೆಂಡು’ ಅಂದಳು.

ಅಪ್ಪನಿಗೆ ಈ ಹೆಸರು ಬೀಳೋಕೆ ಕಾರಣ ನಾನೇ. ಅದನ್ನು ಹೇಳಬೇಕಾದರೆ ಮೊದಲು ಸೈಟಿನ ಕಥೆ ಹೇಳಬೇಕು.

ಬನಶಂಕರಿಯಲ್ಲಿ ತಾತ ಮಾಡಿದ್ದ ಒಂದು ಸೈಟು, ಮೂವತ್ತು ನಲವತ್ತರದು. ಕಾಗದ ದೊಡ್ಡಪ್ಪನ ಹೆಸರಲ್ಲಿತ್ತು. ಕಂತು ಹೋಗಿದ್ದು ತನ್ನ ಸಂಬಳದಿಂದ ಅಂತ ಚಿಕ್ಕಪ್ಪ. ತಾತ ಹೋದ ಮೇಲೆ ಇಬ್ಬರೂ ಕೋರ್ಟಿಗೆ ಹೋದರು. ಹನ್ನೊಂದು ವರ್ಷ ವಾಯಿದೆ ಮೇಲೆ ವಾಯಿದೆ. ನಡುವಿನವರು ನಮ್ಮಪ್ಪ. ಇಬ್ಬರಿಗೂ ಇವರ ಸಾಕ್ಷಿ ಬೇಕಿತ್ತು. ಇವರು ಇಬ್ಬರಿಗೂ ಇಲ್ಲ ಅಂದರು. ಹಾಗಂತ ಯಾರ ಮನೆಗೂ ಹೋಗೋದು ಬಿಡಲಿಲ್ಲ. ಗೌರಿ ಹಬ್ಬಕ್ಕೆ ಒಬ್ಬರ ಮನೆ, ಗಣೇಶನಿಗೆ ಇನ್ನೊಬ್ಬರ ಮನೆ, ಮುಂದಿನ ವರ್ಷ ಅದಲುಬದಲು. ಮುಯ್ಯಿ ಹಾಕಿದರೆ ಎರಡೂ ಕಡೆ ಒಂದೇ ಮೊತ್ತ. ಯಾರಿಗೆ ಎಷ್ಟು ಹಾಕಿದೆವು ಅಂತ ಬರೆದಿಡೋಕೆ ಅಮ್ಮನ ಹತ್ತಿರ ಒಂದು ನೋಟ್‌ಬುಕ್ಕೇ ಇತ್ತು. ತಟಸ್ಥವಾಗಿರೋದು ಅಂದರೆ ಸುಮ್ನೆ ಕೂರೋದು ಅಂತ ತಿಳಿದವರು ಆ ನೋಟ್‌ಬುಕ್ ನೋಡಬೇಕು.

ಇನ್ನು ಐರ್ಲೆಂಡು. 2019ರಲ್ಲಿ ಆಫೀಸಿನ ಕೆಲಸದ ಮೇಲೆ ಮೂರು ವಾರ ಡಬ್ಲಿನ್‌ನಲ್ಲಿದ್ದೆ. ಒಂದು ಭಾನುವಾರ ಲೋಕಲ್ ಟ್ರೇನು ಹಿಡಿದು ಬ್ರೇ ಅನ್ನುವ ಸಮುದ್ರದ ಊರಿಗೆ ಹೋದೆ. ಊರಿನ ತುದಿಯಲ್ಲಿ ಒಂದು ಗುಡ್ಡ. ಹಿಂದಿನ ವರ್ಷದ ಬೇಸಿಗೆಯಲ್ಲಿ ಆ ಗುಡ್ಡಕ್ಕೆ ಬೆಂಕಿ ಬಿದ್ದು ಪೊದೆಯೆಲ್ಲ ಸುಟ್ಟುಹೋಗಿತ್ತಂತೆ. ಸುಟ್ಟ ನೆಲದಲ್ಲಿ, ಕಲ್ಲು ಜೋಡಿಸಿ ಬರೆದ ದೊಡ್ಡ ದೊಡ್ಡ ಅಕ್ಷರ ಹೆಲಿಕಾಪ್ಟರ್‌ನಲ್ಲಿದ್ದವರಿಗೆ ಕಂಡಿತಂತೆ. ‘ಏರಾ’, ಪಕ್ಕದಲ್ಲಿ ಎಂಟು. ಏರಾ ಅಂದರೆ ಅವರ ಭಾಷೆಯಲ್ಲಿ ಅವರ ದೇಶದ ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ ಕರಾವಳಿ ಉದ್ದಕ್ಕೂ ಎಂಬತ್ತಕ್ಕೂ ಹೆಚ್ಚು ಕಾವಲು ಠಾಣೆ ಕಟ್ಟಿ, ಹೀಗೆ ನೆಲದ ಮೇಲೆ ದೇಶದ ಹೆಸರು, ಪಕ್ಕದಲ್ಲಿ ಠಾಣೆಯ ನಂಬರು ಬರೆದರು. ಮೇಲೆ ಹಾರುವ ಪೈಲಟ್‌ಗಳಿಗೆ ಅದು ಸೂಚನೆ: ಇದು ಯುದ್ಧದಲ್ಲಿಲ್ಲದ ನೆಲ, ಬಾಂಬು ಹಾಕಬೇಡಿ, ಮುಂದೆ ಹೋಗಿ.

ನಾನು ಅಲ್ಲಿ ನಿಂತು ಮನೆಗೆ ವಿಡಿಯೋ ಕಾಲ್ ಮಾಡಿದೆ. ಗಾಳಿಯಲ್ಲಿ ಅರ್ಧ ಮಾತು ಹಾರಿಹೋಯಿತು. ಅಮ್ಮ ಎಲ್ಲ ಕೇಳಿಸಿಕೊಂಡು, ‘ನಿಮ್ಮಪ್ಪನ ಬೆನ್ನಿಗೂ ಒಂದು ಹಾಗೆ ಬರೆಸಬೇಕು’ ಅಂದಳು. ಅವತ್ತಿನಿಂದ ಆ ಹೆಸರು ನಿಂತಿತು.

ವಾಪಸ್ ಬಂದ ಮೇಲೆ ಆ ದೇಶದ ಯುದ್ಧಕಾಲದ ಚರಿತ್ರೆ ಓದುವ ಹುಚ್ಚು ಹತ್ತಿತು. ಓದಿದಷ್ಟೂ ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಕಥೆಯೇ. ಈ ಮಾತನ್ನು ನಾವು ಬೈಗುಳದ ಥರ ಬಳಸುತ್ತೇವೆ, ಅಲ್ವಾ? ಖಡಾಖಂಡಿತ ಮಾತಾಡದವನಿಗೆ. ಆದರೆ ಹಳೇ ಮನೆಯಲ್ಲಿದ್ದವರಿಗೆ ಗೊತ್ತು, ಎಣ್ಣೆ ಕಮ್ಮಿ ಇದ್ದಾಗ ದೀಪ ಇಡೋಕೆ ಅದಕ್ಕಿಂತ ಒಳ್ಳೇ ಜಾಗ ಇರಲಿಲ್ಲ. ಕಷ್ಟ ಒಂದೇ. ಗಾಳಿ ಎರಡೂ ಕಡೆಯಿಂದ ಹೊಡೆಯುತ್ತದೆ.

ಐರ್ಲೆಂಡಿನ ಮಟ್ಟಿಗೆ ತಟಸ್ಥ ನೀತಿ ಅಂದರೆ ಮೊದಲು ಸ್ವಾತಂತ್ರ್ಯದ ಪ್ರಶ್ನೆ. 1922ರವರೆಗೆ ಇಡೀ ದ್ವೀಪ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಆಮೇಲೂ ಉತ್ತರದ ಆರು ಕೌಂಟಿ ಬ್ರಿಟನ್ ಹತ್ತಿರವೇ ಉಳಿದವು. ಇವರಿವರ ನಡುವೆಯೇ ಅಂತರ್ಯುದ್ಧ ನಡೆದು ಆ ಗಾಯ ಇನ್ನೂ ಒಣಗಿರಲಿಲ್ಲ. ಕೋಬ್, ಬೆರ್‌ಹೇವನ್, ಲಾಕ್ ಸ್ವಿಲ್ಲಿ ಅನ್ನುವ ಮೂರು ಬಂದರುಗಳನ್ನು ಬ್ರಿಟನ್ ಬಿಟ್ಟುಕೊಟ್ಟಿದ್ದು 1938ರಲ್ಲಿ, ಯುದ್ಧಕ್ಕೆ ಬರೀ ಒಂದು ವರ್ಷ ಮುಂಚೆ. ಆ ಬಂದರು ಕೈಯಲ್ಲಿ ಇಲ್ಲದಿದ್ದರೆ ‘ನಾವು ಯಾರ ಕಡೆಯೂ ಇಲ್ಲ’ ಅಂತ ಹೇಳುವ ಹಾಗೇ ಇರಲಿಲ್ಲ. ಇವರ ರೇವಿನಲ್ಲೇ ಬ್ರಿಟಿಷ್ ಯುದ್ಧನೌಕೆ ನಿಂತಿರುವಾಗ ಯಾರು ನಂಬುತ್ತಾರೆ?

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಘೋಷಿಸಿತು. ಪ್ರಧಾನಿ ಏಮನ್ ಡಿ ವಲೇರಾ ನಾವಿಲ್ಲ ಅಂದರು. ಯುದ್ಧಕ್ಕೆ ಅಲ್ಲಿ ಯುದ್ಧ ಅನ್ನುವ ಹೆಸರೂ ಇರಲಿಲ್ಲ. ಸರ್ಕಾರಿ ಮಾತಿನಲ್ಲಿ ಅದು ‘ಎಮರ್ಜೆನ್ಸಿ’.

ಅದೇ ಸೆಪ್ಟೆಂಬರ್ 3ರಂದು ನಮ್ಮ ಕಡೆ ಏನಾಯಿತು? ವೈಸರಾಯ್ ಲಿನ್‌ಲಿತ್‌ಗೋ ಇಂಡಿಯಾವೂ ಯುದ್ಧದಲ್ಲಿದೆ ಅಂತ ಸಾರಿಬಿಟ್ಟರು. ಯಾವ ಮುಖಂಡರನ್ನೂ ಕೇಳಲಿಲ್ಲ. ಅದನ್ನು ಪ್ರತಿಭಟಿಸಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಬೆಂಗಳೂರಿನದು ಇನ್ನೂ ಮಜಾ. ಪೇಟೆ ಕಡೆ ಮೈಸೂರು ಮಹಾರಾಜರದ್ದು, ದಂಡು ಬ್ರಿಟಿಷರದ್ದು, ನಡುವೆ ಕಬ್ಬನ್ ಪಾರ್ಕು. ಪಾರ್ಕಿನ ಯಾವ ಕಡೆ ಇದ್ದರೂ ನಮ್ಮನ್ನು ಕೇಳೋರಿರಲಿಲ್ಲ.

ನಮ್ಮಜ್ಜಿ ಆಗ ಯಶವಂತಪುರದ ಹತ್ತಿರ ಇದ್ದ ಹುಡುಗಿ. ಜಾಲಹಳ್ಳಿ ಕಡೆಯ ಕ್ಯಾಂಪಿಗೆ ಇಟಲಿಯ ಯುದ್ಧಕೈದಿಗಳನ್ನು ಲಾರಿಯಲ್ಲಿ ತುಂಬಿಕೊಂಡು ಹೋಗೋದನ್ನು ನೋಡಿದ್ದಳು. ‘ಪಾಪ, ಕೆಂಪಗೆ ಬೆಂದು ಹೋಗಿರೋವು. ಒಬ್ಬ ಹಾಡ್ತಾ ಇದ್ದ’ ಅನ್ನೋಳು. ಯಾರ ಮೇಲೆ ಯಾರ ಯುದ್ಧ ಅಂತ ಅವಳಿಗೆ ಗೊತ್ತಿರಲಿಲ್ಲ. ಸೀಮೆಎಣ್ಣೆ ಸಿಗುತ್ತಿಲ್ಲ ಅನ್ನೋದು ಗೊತ್ತಿತ್ತು. ಇವತ್ತು ನಾವು ಎಚ್‌ಎಎಲ್ ಅಂತ ಹೆಮ್ಮೆಪಡುವ ಕಾರ್ಖಾನೆ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಶುರುಮಾಡಿದ್ದು. ಯುದ್ಧ ಜೋರಾದ ಮೇಲೆ ಅಲ್ಲಿ ಅಮೆರಿಕದ ವಿಮಾನಗಳ ರಿಪೇರಿ ನಡೆಯಿತು. ಕೇಳದೇ ಎಳೆದುಕೊಂಡ ಯುದ್ಧದಿಂದ ನಮ್ಮೂರಿಗೆ ಸಿಕ್ಕಿದ್ದೂ ಉಂಟು. ಅದಕ್ಕೆ ಖುಷಿಪಡಬೇಕೋ ಬೇಡವೋ ನನಗೆ ಇವತ್ತಿಗೂ ತೀರ್ಮಾನ ಆಗಿಲ್ಲ.

ಡಿ ವಲೇರಾ ಮೇಲೆ ಎಲ್ಲರಿಗಿಂತ ಜಾಸ್ತಿ ಉರಿದುಬಿದ್ದದ್ದು ಚರ್ಚಿಲ್. ನಮ್ಮೂರಿಗೆ ಹೊಸಬನಲ್ಲ. 1896ರಿಂದ ಮೂರು ವರ್ಷದ ಮಟ್ಟಿಗೆ ದಂಡಿನಲ್ಲಿ ಸೈನ್ಯದ ಕಿರಿಯ ಅಧಿಕಾರಿಯಾಗಿದ್ದ ಆಸಾಮಿ. ಬೆಂಗಳೂರು ಕ್ಲಬ್ಬಿನ ಹಳೇ ಲೆಕ್ಕದ ಪುಸ್ತಕದಲ್ಲಿ ಆತನ ಹೆಸರಿನ ಮುಂದೆ ವಸೂಲಾಗದ 13 ರೂಪಾಯಿ ಬಾಕಿ ಇವತ್ತಿಗೂ ಇದೆ. 1940ರ ಜೂನ್‌ನಲ್ಲಿ, ಫ್ರಾನ್ಸ್ ಬೀಳುತ್ತಿದ್ದಾಗ, ಈತನ ಸರ್ಕಾರ ಡಿ ವಲೇರಾಗೆ ಒಂದು ಆಸೆ ತೋರಿಸಿತು. ಯುದ್ಧಕ್ಕೆ ಬನ್ನಿ, ಉತ್ತರದ ಆರು ಕೌಂಟಿ ನಿಮಗೆ ಸೇರುವ ಹಾಗೆ ಮಾಡೋಣ. ಡಿ ವಲೇರಾ ಒಪ್ಪಲಿಲ್ಲ. ಕ್ಲಬ್ಬಿನ ಬಿಲ್ ಕಟ್ಟದವನ ಮಾತು ನಂಬಬಾರದು ಅಂತ ಬೆಂಗಳೂರಿನವರು ಯಾರಾದರೂ ಕಾಗದ ಬರೆದಿದ್ದರೋ ಏನೋ. 1941ರ ಡಿಸೆಂಬರ್‌ನಲ್ಲಿ, ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ರಾತ್ರಿ, ಚರ್ಚಿಲ್ ಮತ್ತೆ ತಂತಿ ಕಳಿಸಿದರು: ಈಗಿಲ್ಲದಿದ್ದರೆ ಇನ್ನೆಂದೂ ಇಲ್ಲ. ಆಗಲೂ ಇಲ್ಲವೇ.

ಇಲ್ಲ ಅಂದಿದ್ದಕ್ಕೆ ಬೆಲೆ ಕಟ್ಟಬೇಕಾಯಿತು. ಅವರಿಗೆ ಟೀ ಬರುತ್ತಿದ್ದದ್ದು ಬ್ರಿಟನ್ ಮೂಲಕ. ಬ್ರಿಟನ್ ಕೈ ಬಿಗಿ ಮಾಡಿತು. 1941ರಲ್ಲಿ ಒಬ್ಬರಿಗೆ ವಾರಕ್ಕೆ ಅರ್ಧ ಔನ್ಸ್ ಟೀ ಪುಡಿ. ಅಂದರೆ 14 ಗ್ರಾಂ. ದಿನಕ್ಕೆ ಎರಡು ಗ್ರಾಂ, ಈಗಿನ ಒಂದು ಟೀ ಬ್ಯಾಗು. ಬೆಳಗ್ಗೆ ಒಂದು, ಪೇಪರ್ ಬಂದ ಮೇಲೆ ಒಂದು ಅಂತ ಎರಡು ಲೋಟ ಕಾಫಿ ಇಳಿಸುವ ನಮ್ಮಂಥವರು ಆ ಯುದ್ಧಕ್ಕೆ ಮಂಗಳವಾರದೊಳಗೆ ಸೇರಿಬಿಡುತ್ತಿದ್ದೆವು. ಅಡುಗೆ ಗ್ಯಾಸು ದಿನಕ್ಕೆ ಇಷ್ಟೇ ಗಂಟೆ. ಗಂಟೆ ಮುಗಿದ ಮೇಲೂ ಕೊಳವೆಯಲ್ಲಿ ಒಂಚೂರು ಉಳಿದಿರುತ್ತಿತ್ತು, ಅದರಲ್ಲಿ ಕದ್ದು ನೀರು ಕಾಯಿಸೋರು. ಹಿಡಿಯೋಕೆ ಇನ್‌ಸ್ಪೆಕ್ಟರು ಮನೆಗೆ ನುಗ್ಗಿ ಒಲೆ ಮುಟ್ಟಿ ನೋಡುತ್ತಿದ್ದನಂತೆ, ಬಿಸಿ ಇದೆಯಾ ಅಂತ. ಕಲ್ಲಿದ್ದಲು ಸಿಗದೆ, ಜೌಗು ನೆಲದಿಂದ ಅಗೆದು ಒಣಗಿಸಿದ, ಸೌದೆ ಹಾಗೆ ಉರಿಯುವ ಪೀಟ್ ಮಣ್ಣಿನ ಇಟ್ಟಿಗೆಗಳನ್ನು ಡಬ್ಲಿನ್‌ನ ದೊಡ್ಡ ಪಾರ್ಕಿನ ರಸ್ತೆ ಬದಿಯಲ್ಲಿ ಬೆಟ್ಟದ ಹಾಗೆ ಪೇರಿಸಿದ್ದರು.

ಇದು ತಟಸ್ಥದ ಹೊರಗಿನ ರೂಪ. ಒಳಗಿನದು ಬೇರೆ. ಅದು ವಾಲಿತ್ತು, ಬ್ರಿಟನ್ ಕಡೆಗೆ.

ಉತ್ತರ ಐರ್ಲೆಂಡಿನ ಕೆರೆಯೊಂದರಿಂದ ಏಳುವ ಬ್ರಿಟಿಷ್ ವಿಮಾನಗಳು ಅಟ್ಲಾಂಟಿಕ್‌ಗೆ ಬೇಗ ತಲುಪಲು ಡಾನೆಗಾಲ್ ಅನ್ನುವ ಕೌಂಟಿಯ ಮೇಲೆ ಹಾರಿಹೋಗಲಿ ಅಂತ ಗುಟ್ಟಾಗಿ ಒಪ್ಪಿಗೆ ಕೊಟ್ಟಿದ್ದರು. 1941ರ ಮೇ 26ರಂದು ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆಯನ್ನು ಪತ್ತೆ ಹಚ್ಚಿದ ವಿಮಾನ ಎದ್ದದ್ದೂ ಆ ಕೆರೆಯಿಂದಲೇ. ಅದೇ ವರ್ಷ ಏಪ್ರಿಲ್‌ನಲ್ಲಿ ಬೆಲ್‌ಫಾಸ್ಟ್ ಮೇಲೆ ಜರ್ಮನ್ ಬಾಂಬು ಬಿದ್ದು ಒಂದೇ ರಾತ್ರಿ ಸುಮಾರು 900 ಜನ ಸತ್ತಾಗ, ಡಿ ವಲೇರಾ ಗಡಿ ದಾಟಿಸಿ 13 ಅಗ್ನಿಶಾಮಕ ವಾಹನ ಕಳಿಸಿದರು. ‘ಅವರು ನಮ್ಮವರೇ’ ಅನ್ನುವ ಧಾಟಿಯಲ್ಲಿ. ಆರು ವಾರ ಆದ ಮೇಲೆ ಡಬ್ಲಿನ್ ಮೇಲೆಯೇ ಜರ್ಮನ್ ಬಾಂಬು ಬಿತ್ತು. 28 ಜನ ಸತ್ತರು.

ನನಗೆ ತುಂಬಾ ಇಷ್ಟವಾದದ್ದು ಗ್ಲೌಸಿನ ಕಥೆ. ಐರ್ಲೆಂಡಿನಲ್ಲಿ ಬಿದ್ದ ಎರಡೂ ಕಡೆಯ ಪೈಲಟ್‌ಗಳನ್ನು ಕರಾ ಅನ್ನುವ ಬಯಲಿನ ಕ್ಯಾಂಪಿನಲ್ಲಿ ಇಡುತ್ತಿದ್ದರು. ಜೈಲು ಅನ್ನೋ ಹಾಗಿಲ್ಲ. ಓಡಿಹೋಗಲ್ಲ ಅಂತ ಚೀಟಿಗೆ ಸಹಿ ಹಾಕಿದರೆ ಪೇಟೆಗೆ ಹೋಗಬಹುದು, ಕುದುರೆ ರೇಸು ನೋಡಬಹುದು. ಬಡ್ ವೂಲ್ಫ್ ಅಂತ ಒಬ್ಬ ಅಮೆರಿಕನ್, ಬ್ರಿಟಿಷ್ ವಾಯುಪಡೆಯಲ್ಲಿದ್ದವನು, 1941ರ ನವೆಂಬರ್ ಕೊನೆಯಲ್ಲಿ ವಿಮಾನ ಕೆಟ್ಟು ಇಲ್ಲಿ ಬಿದ್ದ. ಎರಡು ವಾರ ಆದ ಮೇಲೆ ಚೀಟಿಗೆ ಸಹಿ ಹಾಕಿ ಹೊರಟವನು, ‘ಗ್ಲೌಸ್ ಮರೆತೆ’ ಅಂತ ಒಳಗೆ ಬಂದ. ಬಂದ ತಕ್ಷಣ ಹಳೇ ಚೀಟಿ ಮುಗಿದ ಹಾಗೆ. ಹೊಸ ಸಹಿ ಹಾಕದೆ ಮತ್ತೆ ಹೊರಗೆ ಬಿದ್ದ. ಡಬ್ಲಿನ್‌ನಲ್ಲಿ ಊಟ ಮಾಡಿ, ರೈಲು ಹತ್ತಿ ಬೆಲ್‌ಫಾಸ್ಟ್ ಸೇರಿದ. ಬ್ರಿಟಿಷರು ಏನು ಮಾಡಿದರು? ಇದು ಸರಿಯಲ್ಲ ಅಂತ ಅವನನ್ನು ವಾಪಸ್ ಅದೇ ಕ್ಯಾಂಪಿಗೆ ಕಳಿಸಿದರು! ಐರ್ಲೆಂಡ್ ಯುದ್ಧದಲ್ಲಿಲ್ಲ ಅನ್ನೋದನ್ನು ಬ್ರಿಟನ್ ಬಯ್ಯುತ್ತಲೇ ಕಾಪಾಡುತ್ತಿತ್ತು. ಆಮೇಲಾಮೇಲೆ ಮಿತ್ರಪಕ್ಷದ ಪೈಲಟ್‌ಗಳನ್ನು ಸದ್ದಿಲ್ಲದೆ ಗಡಿ ದಾಟಿಸಿ ಬಿಟ್ಟರು. ಜರ್ಮನರು ಯುದ್ಧ ಮುಗಿಯೋವರೆಗೂ ಅಲ್ಲೇ ಉಳಿದರು.

ಅಪ್ಪನದೂ ಹೀಗೇ ಒಂದು ಇತ್ತು. ತಾತನ ಕಾಲದ ಕಂದಾಯ ರಸೀದಿಗಳ ಒಂದು ಕಟ್ಟು ನಮ್ಮ ಮನೆಯ ಟ್ರಂಕಿನಲ್ಲಿತ್ತು. ಅದರ ಜೆರಾಕ್ಸ್ ಒಬ್ಬರ ವಕೀಲರ ಕೈಗೆ ಹೇಗೋ ಸೇರಿತು. ಅಪ್ಪ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಆದರೆ ಆ ತಿಂಗಳು ಮೂಲೆ ಅಂಗಡಿಯವನು ಅಮ್ಮನಿಗೆ, ‘ಸಾರು ಅವತ್ತು ಇಪ್ಪತ್ತು ಹಾಳೆ ಮಾಡಿಸಿದ್ರು, ಚಿಲ್ಲರೆ ಬಾಕಿ’ ಅಂತ ಹದಿನಾಲ್ಕು ರೂಪಾಯಿ ವಾಪಸ್ ಕೊಟ್ಟ.

ಅಪ್ಪ ಉಡುಪಿ ಹೋಟೆಲಿನಲ್ಲಿ ಕೂತಾಗಲೆಲ್ಲ ಹೇಳುವ ಕಥೆ ಒಂದಿದೆ. ನೀವೂ ಕೇಳಿರುತ್ತೀರಿ. ಕುರುಕ್ಷೇತ್ರಕ್ಕೆ ಉಡುಪಿಯ ರಾಜ ದಂಡು ಕಟ್ಟಿಕೊಂಡು ಬಂದ. ಎರಡೂ ಕಡೆಯವರು ಎಳೆದಾಡಿದರು. ಅವನು ಕೃಷ್ಣನ ಹತ್ತಿರ ಹೋಗಿ, ನಾನು ಹೊಡೆದಾಡಲ್ಲ, ಎರಡೂ ಸೈನ್ಯಕ್ಕೆ ಅಡುಗೆ ಮಾಡ್ತೀನಿ ಅಂದ. ಹದಿನೆಂಟು ದಿನವೂ ಅನ್ನ ಒಂದು ಅಗುಳು ಹೆಚ್ಚಾಗಲಿಲ್ಲ, ಕಮ್ಮಿಯಾಗಲಿಲ್ಲ. ಹೇಗೆ? ಕೃಷ್ಣ ರಾತ್ರಿ ಎಷ್ಟು ಕಡಲೆಕಾಯಿ ತಿಂದ ಅಂತ ಇವನು ಎಣಿಸುತ್ತಿದ್ದ. ಹತ್ತು ತಿಂದರೆ ನಾಳೆ ಹತ್ತು ಸಾವಿರ ಜನ ಸಾಯುತ್ತಾರೆ. ಅಷ್ಟು ಅಕ್ಕಿ ಕಮ್ಮಿ ಹಾಕುತ್ತಿದ್ದ. ಯಾವ ಗ್ರಂಥದಲ್ಲಿದೆ ಅಂತ ಕೇಳಬೇಡಿ, ಬಾಯಿಂದ ಬಾಯಿಗೆ ಬಂದದ್ದು.

ಅಪ್ಪ ಇದನ್ನು ಅಡುಗೆಯವನ ಜಾಣತನದ ಕಥೆಯಾಗಿ ಹೇಳುತ್ತಾರೆ. ನನಗೆ ಈಚೆಗೆ ಭಯ ಹುಟ್ಟಿಸುತ್ತದೆ. ನಾಳೆ ಯಾರು ಎಷ್ಟು ಸಾಯುತ್ತಾರೆ ಅಂತ ಗೊತ್ತಿದ್ದೂ ಅವನು ಅಳತೆಯ ಪಾವನ್ನು ಹಿಡಿದು ಅಕ್ಕಿ ಅಳೆದ. ಎರಡೂ ಕಡೆಗೆ ಬಡಿಸಿದ.

ಯುದ್ಧದ ಮಧ್ಯೆ ಕೂತ ದೇಶಗಳೂ ಹಾಗೆ ಬಡಿಸಿದವು. ಸ್ವೀಡನ್ ಜರ್ಮನಿಗೆ ಕಬ್ಬಿಣದ ಅದಿರು ಮಾರಿತು, ತನ್ನ ರೈಲಿನಲ್ಲಿ ಜರ್ಮನ್ ಸೈನಿಕರನ್ನು ಓಡಾಡಿಸಿತು. ಅದೇ ಸ್ವೀಡನ್ 1943ರಲ್ಲಿ ಡೆನ್ಮಾರ್ಕಿನಿಂದ ದೋಣಿಯಲ್ಲಿ ತಪ್ಪಿಸಿಕೊಂಡು ಬಂದ ಸುಮಾರು 7000 ಯಹೂದಿಗಳಿಗೆ ಬಾಗಿಲು ತೆರೆಯಿತು. ಸ್ವಿಟ್ಜರ್ಲೆಂಡ್ ಜರ್ಮನಿಯ ಚಿನ್ನ ಕೊಂಡಿತು, ಗಡಿಗೆ ಬಂದ ಯಹೂದಿಗಳಲ್ಲಿ ಸಾವಿರಾರು ಜನರನ್ನು ತಿರುಗಿಸಿ ಕಳಿಸಿತು. ಐರ್ಲೆಂಡ್ ಒಳಗೆ ಬಿಟ್ಟುಕೊಂಡ ಯಹೂದಿಗಳು ಬಹಳ ಕಡಿಮೆ. ಡಿ ವಲೇರಾ ಬಗ್ಗೆ ನನಗಿರುವ ದೊಡ್ಡ ತಕರಾರು ಅದು. ಬಂದೂಕು ಹಿಡಿಯಲ್ಲ ಅಂದಿದ್ದು ಸರಿ. ಬಾಗಿಲು ತೆರೆಯೋಕೆ ಬಂದೂಕು ಬೇಕಿರಲಿಲ್ಲವಲ್ಲ.

ಜನ ಮರೆಯದಿರೋದು ಮಾತ್ರ ಇನ್ನೊಂದನ್ನು. ಹಿಟ್ಲರ್ ಸತ್ತ ಸುದ್ದಿ ಬಂದಾಗ, 1945ರ ಮೇ 2ರಂದು, ಡಿ ವಲೇರಾ ಜರ್ಮನ್ ರಾಯಭಾರಿ ಹೆಂಪೆಲ್ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದರು. ಅಷ್ಟೊತ್ತಿಗೆ ಸಾವಿನ ಕ್ಯಾಂಪುಗಳ ಫೋಟೋ ಜಗತ್ತೆಲ್ಲ ನೋಡಿತ್ತು. ಇಡೀ ಲೋಕ ಉಗಿಯಿತು. ಅವರ ಸಮಜಾಯಿಷಿ ಇಷ್ಟೇ: ಹೋಗದಿದ್ದರೆ ಅದು ಹೆಂಪೆಲ್‌ಗೂ ಜರ್ಮನ್ ಜನರಿಗೂ ಮಾಡುವ ಅವಮರ್ಯಾದೆ. ಕೆಲವೇ ವಾರ ಮುಂಚೆ ಅಮೆರಿಕದ ರೂಸ್‌ವೆಲ್ಟ್ ಸತ್ತಾಗಲೂ ಸಂತಾಪ ಹೇಳಿದ್ದರು. ನೋಟ್‌ಬುಕ್ಕಿನಲ್ಲಿ ಎರಡೂ ಕಡೆ ಒಂದೇ ಮೊತ್ತ ಇರಬೇಕಲ್ಲ.

ಅಪ್ಪನಿಗೆ ಇದು ಪೂರ್ತಿ ಅರ್ಥವಾಗುತ್ತದೆ. ಕೇಸು ನಡೆಯುವಾಗ ಒಂದು ಕಡೆಯ ವಕೀಲರು ತೀರಿಕೊಂಡರು. ಅಪ್ಪ ಅವರ ಮನೆಗೆ ಹೋಗಿ ಜಗಲಿ ಮೇಲೆ ಅರ್ಧ ಗಂಟೆ ಕೂತು ಬಂದರು. ಇನ್ನೊಂದು ಕಡೆಯವರು ಎರಡು ವರ್ಷ ಮಾತು ಬಿಟ್ಟರು. ‘ಸಾವಿನ ಮನೆಗೆ ಹೋಗೋಕೂ ಕಕ್ಷಿ ನೋಡಬೇಕಾ?’ ಅನ್ನೋದು ಅಪ್ಪನ ಪ್ರಶ್ನೆ. ನಾನು ಹೇಳಿದೆ, ಅಪ್ಪಾ, ವಕೀಲರಿಗೂ ಹಿಟ್ಲರ್‌ಗೂ ವ್ಯತ್ಯಾಸ ಇದೆ. ಸೈಟಿನ ಜಗಳದಲ್ಲಿ ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇರಬಹುದು. ಆ ಯುದ್ಧ ಹಾಗಿರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಅವರಿಗೆ ಆಗ್ಲೇ ಗೊತ್ತಿತ್ತು ಅಂತೀಯಾ?’ ಅಂದರು. ಗೊತ್ತಿತ್ತು ಅಂದೆ. ಮೇ ತಿಂಗಳ ಹೊತ್ತಿಗೆ ಖಂಡಿತ ಗೊತ್ತಿತ್ತು.

ಐರಿಷ್ ಸೈನ್ಯ ಬಿಟ್ಟು ಓಡಿಹೋಗಿ ಬ್ರಿಟಿಷ್ ಸೈನ್ಯ ಸೇರಿ ಹಿಟ್ಲರ್ ವಿರುದ್ಧ ಹೋರಾಡಿದ ಸುಮಾರು 5000 ಸೈನಿಕರಿದ್ದರು. ಅವರು ಮನೆಗೆ ಬಂದಾಗ ಸರ್ಕಾರ ಏಳು ವರ್ಷ ಸರ್ಕಾರಿ ಕೆಲಸ ಕೊಡಬಾರದು ಅಂತ ಪಟ್ಟಿ ಮಾಡಿತು. ಅವರಿಗೆ ಕ್ಷಮೆ ಸಿಕ್ಕಿದ್ದು 2013ರಲ್ಲಿ. ಅಷ್ಟೊತ್ತಿಗೆ ಬದುಕಿ ಉಳಿದವರು ಕೆಲವೇ ಮುದುಕರು.

ನಮ್ಮವರಲ್ಲಿ ನಡುವೆ ನಿಲ್ಲುವ ಈ ಕೆಲಸದ ಕಷ್ಟ ಚೆನ್ನಾಗಿ ಗೊತ್ತಿದ್ದವರು ಕೊಡಗಿನ ಜನರಲ್ ತಿಮ್ಮಯ್ಯನವರು. ರಿಚ್ಮಂಡ್ ರಸ್ತೆಗೆ ಅವರ ಹೆಸರೇ ಇಟ್ಟಿದ್ದಾರೆ, ಆಟೋದವರಿಗೆ ಹೇಳಿ ನೋಡಿ, ಯಾವುದು ಸಾರ್ ಅಂತಾರೆ. ಕೊರಿಯಾ ಯುದ್ಧ ನಿಂತ ಮೇಲೆ, 1953ರಲ್ಲಿ, ಊರಿಗೆ ವಾಪಸ್ ಹೋಗಲ್ಲ ಅಂದ 22,000ಕ್ಕೂ ಹೆಚ್ಚು ಕೈದಿಗಳನ್ನು ನೋಡಿಕೊಳ್ಳುವ ತಟಸ್ಥ ದೇಶಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ದಕ್ಷಿಣ ಕೊರಿಯಾ ನಮ್ಮ ಸೈನಿಕರನ್ನು ತನ್ನ ನೆಲ ಮೆಟ್ಟಲು ಬಿಡಲಿಲ್ಲ. ಹಡಗಿನಿಂದ ಹೆಲಿಕಾಪ್ಟರಿನಲ್ಲಿ ನೇರವಾಗಿ ಗಡಿ ಪಟ್ಟಿಯ ಮೇಲೆ ಇಳಿಸಬೇಕಾಯಿತು. ಎರಡೂ ಕಡೆಯಿಂದ ಬೈಗುಳ. ಕೊನೆಗೆ ಅತ್ತಲೂ ಬೇಡ ಇತ್ತಲೂ ಬೇಡ ಅಂದ ಎಂಬತ್ತಕ್ಕೂ ಹೆಚ್ಚು ಕೈದಿಗಳು ನಮ್ಮ ಸೈನಿಕರ ಜೊತೆಯಲ್ಲೇ ಹಡಗು ಹತ್ತಿ ಇಂಡಿಯಾಕ್ಕೆ ಬಂದರು.

2022ರ ಮಾರ್ಚ್ 2ರಂದು ಉಕ್ರೇನ್ ವಿಷಯದಲ್ಲಿ ವಿಶ್ವಸಂಸ್ಥೆಯಲ್ಲಿ ಮತದಾನ ಆಯಿತು. ರಷ್ಯಾವನ್ನು ಖಂಡಿಸಿ 141, ವಿರುದ್ಧ 5, ಮತ ಹಾಕದವರು 35. ಆ 35ರಲ್ಲಿ ನಾವು. ಹಿಂದಿನ ದಿನವಷ್ಟೇ ಖಾರ್ಕಿವ್‌ನಲ್ಲಿ ನಮ್ಮ ರಾಜ್ಯದ್ದೇ ಒಬ್ಬ ಹುಡುಗ ಶೆಲ್ ದಾಳಿಗೆ ಸತ್ತಿದ್ದ. ಮನೆಯಲ್ಲಿ ಟಿವಿ ಮುಂದೆ ಯಾರೂ ಮಾತಾಡಲಿಲ್ಲ. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ನಮ್ಮನ್ನು ಈಗ ಕೇಳುತ್ತಾರೆ, ನಾವು ಹೇಳುವುದಿಲ್ಲ. ಎಣ್ಣೆಯ ಲೆಕ್ಕ, ಆಯುಧದ ಲೆಕ್ಕ, ಪಕ್ಕದ ಚೀನಾದ ಲೆಕ್ಕ ಎಲ್ಲ ನನಗೂ ಅರ್ಥವಾಗುತ್ತದೆ. ಅರ್ಥವಾದ ಮೇಲೂ ಆ ರಾತ್ರಿ ಅನ್ನ ಸರಿಯಾಗಿ ಇಳಿಯಲಿಲ್ಲ.

ಮದುವೆ ದಿನಕ್ಕೆ ಬರೋಣ. ಕೇಸು ರಾಜಿಯಾಗಿ ಆರು ವರ್ಷ ಆಗಿದೆ, ಸೈಟಿನಲ್ಲಿ ಈಗ ಮೂರಂತಸ್ತಿನ ಕಟ್ಟಡ ಇದೆ, ಆದರೂ ಅಣ್ಣತಮ್ಮಂದಿರ ಮಾತು ಕೂಡಿಲ್ಲ. ಅಪ್ಪ ಪಂಚೆ ಉಟ್ಟು, ಜೇಬಿನಲ್ಲಿ ಒಂದೇ ಮೊತ್ತದ ಎರಡು ಕವರ್ ಇಟ್ಟುಕೊಂಡು, ಅಂದುಕೊಂಡ ಹಾಗೇ ಒಂದು ಕಡೆ ಅಕ್ಷತೆ ಹಾಕಿ, ಮೆಟ್ರೋ ಹತ್ತಿ, ಇನ್ನೊಂದು ಕಡೆ ಎರಡನೇ ಪಂಕ್ತಿಗೆ ಸರಿಯಾಗಿ ಹೋಗಿ ಕೂತರು. ನಾನೂ ಜೊತೆಗಿದ್ದೆ. ಎರಡೂ ಕಡೆ ತಾಂಬೂಲದ ಚೀಲ ಕೊಟ್ಟರು. ಅಪ್ಪ ಮೊದಲನೆಯದನ್ನು ಮಡಚಿ ಎರಡನೆಯದರ ಒಳಗೆ ಅಡಗಿಸಿಟ್ಟರು.

ಅಮ್ಮ ಮಾತ್ರ ರೇಷ್ಮೆ ಸೀರೆ ಉಟ್ಟು, ‘ನಂಗೆ ಓಡಾಡೋಕಾಗಲ್ಲ’ ಅಂತ ಒಂದೇ ಮದುವೆಗೆ ಹೋದಳು. ಹಿಂದಿನ ರಾತ್ರಿ ಚಪ್ಪರದ ಪೂಜೆಗೇ ಹೋಗಿ ಅಲ್ಲೇ ಉಳಿದಳು. ಯಾರ ಮನೆ ಮದುವೆಗೆ ಅಂತ ನಾನಿಲ್ಲಿ ಬರೆಯೋ ಹಾಗಿಲ್ಲ. ಇದನ್ನು ಎರಡೂ ಮನೆಯವರು ಓದುತ್ತಾರೆ.